ಹಿತ್ತಲು ತುಂಬಾ ಹೂವು, ಮನೆಯಲ್ಲಿ ಇಬ್ಬರೇ. ಊರಿನವರ ಜೊತೆ ಹಂಚಿಕೊಳ್ಳುವುದು ಹೇಗೆ?

ಹೊಸನಗರದ ಹಿತ್ತಲು:

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಮುಂದೆ ಅಂಗಳ, ಹಿಂದೆ ಹಿತ್ತಲು, ಅದರ ಕೆಳಗೆ ಅಡಿಕೆ ತೋಟ. ಮಕ್ಕಳು ಬೆಂಗಳೂರಲ್ಲಿದ್ದಾರೆ. ಮನೆಯಲ್ಲಿ ನಾನು, ನಮ್ಮ ಯಜಮಾನರು ಇಬ್ಬರೇ.

ಅತ್ತೆಯವರ ಕಾಲದ ಡೇರೆ (ಡೇಲಿಯಾ) ಹೂವಿನ ಗೆಡ್ಡೆಗಳಿವೆ. ತವರಿಂದ ತಂದ ಕೆಂಪು ಬಸಳೆ, ಬೇರೆ ಬೇರೆ ಬಣ್ಣದ ದಾಸವಾಳ, ನೆರಳಲ್ಲಿ ಆಂಥೂರಿಯಂ, ಹಲಸಿನ ಮರಕ್ಕೆ ಕಟ್ಟಿದ ಸೀತಾಳೆ ದಂಡೆ (ಆರ್ಕಿಡ್), ಬೇಲಿ ಮೇಲೆ ತೊಂಡೆ ಬಳ್ಳಿ ಇದೆ. ಮಳೆಗಾಲ ಮುಗಿಯುವ ಹೊತ್ತಿಗೆ ಮೊಗೆಕಾಯಿ, ಸೌತೆ, ಹೀರೆ ಎಲ್ಲ ಒಟ್ಟಿಗೇ ಬರುತ್ತವೆ. ಇಬ್ಬರು ಎಷ್ಟು ತಿನ್ನಲು ಸಾಧ್ಯ? ಆದರೆ ನನ್ನ ಚಿಂತೆ ತರಕಾರಿ ಹಾಳಾಗುತ್ತದೆ ಅನ್ನುವುದಲ್ಲ. ಇಷ್ಟು ಚೆಂದದ ಹೂವನ್ನು ನಾವಿಬ್ಬರೇ ನೋಡಬೇಕಲ್ಲ ಅನ್ನುವುದು.

ಅತ್ತೆ ಇದ್ದಾಗ ಮಧ್ಯಾಹ್ನ ಊಟ ಆದ ಮೇಲೆ ಕೇರಿಯ ಹೆಂಗಸರು ಬರುತ್ತಿದ್ದರು, ಜಗಲಿಯಲ್ಲಿ ಕೂತು ಕವಳ ಹಾಕಿ, ಹಿತ್ತಲೆಲ್ಲ ಸುತ್ತಿ, ಹೋಗುವಾಗ ಒಂದು ಕುಡಿ ಮುರಿದುಕೊಂಡು ಹೋಗುತ್ತಿದ್ದರು. ಈಗ ಎಲ್ಲರಿಗೂ ಅವರವರ ಕೆಲಸ. ದಾರಿಯಲ್ಲಿ ಬೈಕ್ ನಿಲ್ಲಿಸಿ "ಹೂವು ಚೆನ್ನಾಗಿದೆ ಅಕ್ಕ" ಅನ್ನುತ್ತಾರೆ, ಹೋಗುತ್ತಾರೆ. "ಯಾವಾಗಾದರೂ ಬನ್ನಿ" ಅಂದರೆ ತಲೆ ಆಡಿಸುತ್ತಾರೆ, ಬರುವುದಿಲ್ಲ. ಮನೆಗೆ ತರಕಾರಿ ಕೊಟ್ಟು ಕಳಿಸಿದರೆ ಅದಕ್ಕೆ ಏನಾದರೂ ವಾಪಸ್ ಕೊಡಬೇಕಲ್ಲ ಅಂತ ಸಂಕೋಚ ಪಡುತ್ತಾರೆ.

ನಿಮ್ಮ ಊರುಗಳಲ್ಲಿ ಹೇಗೆ ಮಾಡುತ್ತೀರಿ? ಯಾವ ಗಿಡವನ್ನು ಯಾವಾಗ ಕೊಟ್ಟರೆ ಒಳ್ಳೆಯದು? ಬೆಳಗಿನ ಜಾವ ಪೂಜೆಗೆ ಅಂತ ಕೇಳದೆ ಎಲ್ಲ ದಾಸವಾಳ ಕೊಯ್ದುಕೊಂಡು ಹೋಗುವವರೂ ಇದ್ದಾರೆ, ಅವರಿಗೆ ಮನಸ್ಸು ನೋಯದ ಹಾಗೆ ಹೇಗೆ ಹೇಳಬೇಕು? ಅನುಭವ ಇದ್ದವರು ಬರೆಯಿರಿ.

ಸಾಗರದ ಡೇರೆ:

ಅಕ್ಕ, ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ನಾನೂ ಡೇರೆ ಹುಚ್ಚಿನವಳೇ.

ಮೊದಲು ಸಂಕೋಚದ ವಿಷಯ. ಕೊಡುವ ಮೊದಲು ನೀವೇ ಹೋಗಿ ಏನಾದರೂ ಕೇಳಿ. ನಿಜವಾಗಿ ಹೇಳುತ್ತಿದ್ದೇನೆ. ಪಕ್ಕದ ಮನೆಯಲ್ಲಿ ಒಂದು ಒಳ್ಳೆಯ ಕನಕಾಂಬರ ಇರುತ್ತದೆ, ಇಲ್ಲ ಮಾವಿನ ಶುಂಠಿ ಇರುತ್ತದೆ, ಏನೂ ಇಲ್ಲದಿದ್ದರೆ ಒಂದೆಲಗವಾದರೂ ಇರುತ್ತದೆ. "ನನಗೊಂದು ಬುಡ ಕೊಡು" ಅಂತ ಕೇಳಿ ತನ್ನಿ. ನೀವು ಕೇಳಿದ ಮೇಲೆ ಅವರಿಗೂ ಕೇಳುವ ಧೈರ್ಯ ಬರುತ್ತದೆ. ಬರೀ ಕೊಡುವವರ ಮನೆಗೆ ಹೋಗಲು ಜನ ಹಿಂಜರಿಯುತ್ತಾರೆ. ಕೇಳುವವರ ಮನೆಗೆ ಹೋಗುತ್ತಾರೆ. ನಮ್ಮ ಕೇರಿಯಲ್ಲಿ ಗಿಡ ಓಡಾಡಲು ಶುರುವಾಗಿದ್ದೇ ಹೀಗೆ.

ಎರಡನೆಯದು, "ಯಾವಾಗಾದರೂ ಬನ್ನಿ" ಅನ್ನುವುದನ್ನು ಬಿಡಿ. ಕಾರಣ ಹೇಳಿ, ದಿನ ಹೇಳಿ, ಹೊತ್ತು ಹೇಳಿ. "ಭಾನುವಾರ ಸಂಜೆ ನಾಲ್ಕಕ್ಕೆ ಬನ್ನಿ, ಡೇರೆ ಅರಳಿದೆ, ಪತ್ರೊಡೆ ಮಾಡುತ್ತೇನೆ" ಅಂದರೆ ಬರುತ್ತಾರೆ. ಪತ್ರೊಡೆಗೆ ಮರಗೆಸು (ಮರದ ಮೇಲೆ ಬೆಳೆಯುವ ಕೆಸು) ಸಿಗುವ ದಿನಗಳಾದರೆ ಇನ್ನೂ ಒಳ್ಳೆಯದು.

ಡೇರೆ ಹಂಚುವ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮಲ್ಲಿ ಗೌರಿ ಹಬ್ಬದಿಂದ ದೀಪಾವಳಿ ತನಕ ಹೂವು. ಆಮೇಲೆ ಗಿಡ ಒಣಗುತ್ತದೆ. ಗೆಡ್ಡೆ ಕಿತ್ತು ಒಣ ಮರಳಲ್ಲೋ ಮಣ್ಣಲ್ಲೋ ಇಟ್ಟರೆ ಮುಂದಿನ ಮಳೆಗೆ ತಾನೇ ಮೊಳಕೆ ಬರುತ್ತದೆ. ಹಂಚುವವರು ಗಮನಿಸಬೇಕಾದ್ದು ಕಣ್ಣು, ಅಂದರೆ ಮೊಳಕೆ ಒಡೆಯುವ ಜಾಗ. ಗೆಡ್ಡೆ ಎಷ್ಟೇ ದಪ್ಪ ಇರಲಿ, ಹಳೆಯ ಕಾಂಡದ ಬುಡ ಸ್ವಲ್ಪ ಅಂಟಿಕೊಂಡು ಅಲ್ಲಿ ಒಂದು ಕಣ್ಣು ಇಲ್ಲದಿದ್ದರೆ ಅದು ಚಿಗುರುವುದಿಲ್ಲ. ಪಾಪ, ಎಷ್ಟೋ ಜನ ದಪ್ಪ ಗೆಡ್ಡೆ ತಗೊಂಡು ಹೋಗಿ ನೆಟ್ಟು, ಮೊಳಕೆ ಬಾರದೆ, "ನಮ್ಮ ಕೈಗೆ ಹೂವು ಹತ್ತುವುದಿಲ್ಲ" ಅಂತ ಗಿಡ ಬೆಳೆಸುವುದನ್ನೇ ಬಿಡುತ್ತಾರೆ. ಅದಕ್ಕೇ ನಾನು ಮೇ ತಿಂಗಳಲ್ಲಿ ಮೊಳಕೆ ಕಣ್ಣಿಗೆ ಕಂಡ ಮೇಲೆ ಮಾತ್ರ ಗೆಡ್ಡೆ ಬಿಡಿಸಿ ಕೊಡುತ್ತೇನೆ. ಇನ್ನೂ ಸುಲಭ ಅಂದರೆ ಕುಡಿ. ಗಿಡಕ್ಕೆ ಮೂರು ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟುತ್ತೇವಲ್ಲ, ಆ ತುದಿಯನ್ನೇ ಹಸಿ ಮರಳಿಗೆ ಊರಿದರೆ ಬೇರು ಬರುತ್ತದೆ. ನಿಮ್ಮ ಗಿಡ ಕವಲೊಡೆಯುತ್ತದೆ, ಅವರಿಗೆ ಗಿಡ ಸಿಗುತ್ತದೆ.

ಕೊಡುವಾಗ ಬಾಯಿಮಾತು ಜೊತೆಗಿರಲಿ. ಹೂವಿನ ಬಣ್ಣ ಯಾವುದು, ಕೋಲು ಕಟ್ಟಬೇಕು, ನೀರು ನಿಲ್ಲಬಾರದು, ಕಾಂಡ ಕತ್ತರಿಸಿದರೆ ಅದರ ಟೊಳ್ಳಿನೊಳಗೆ ಮಳೆ ನೀರು ಇಳಿದು ಗೆಡ್ಡೆ ಕೊಳೆಯುತ್ತದೆ ಅಂತ ಹೇಳಿ ಕೊಡಿ.

ಬೇರೆಯದಕ್ಕೆಲ್ಲ ಆರಿದ್ರ ಮಳೆ. ಜೂನ್ 21-22ರ ಹೊತ್ತಿಗೆ ಶುರುವಾಗುತ್ತದೆ. ದಾಸವಾಳ, ಬಸಳೆ, ದೊಡ್ಡಪತ್ರೆ, ಚಕ್ರಮುನಿ ಎಲ್ಲ ಆಗ ಕಡ್ಡಿ ನೆಟ್ಟರೆ ಹಿಡಿಯುವುದು ಜಾಸ್ತಿ. ತೊಂಡೆಯನ್ನೂ ಕಡ್ಡಿಯಲ್ಲೇ ಕೊಡಿ. ಬೀಜದ ಬಳ್ಳಿ ಗಂಡಾಗಿಬಿಟ್ಟರೆ ಕಾಯಿ ಬಿಡುವುದೇ ಇಲ್ಲ.

ಇನ್ನೊಂದು ಮಾತು. ಒಂದು ವರ್ಷ ಮಳೆ ಬಿಡದೆ ಹೊಡೆದು ನಮ್ಮ ಮನೆಯ ಬಿಳಿ ಡೇರೆ ಪೂರ್ತಿ ಕೊಳೆತುಹೋಯಿತು. ಹಿಂದೆ ನಾನೇ ಕೊಟ್ಟಿದ್ದ ಗೆಡ್ಡೆ ಮೇಲಿನ ಮನೆಯ ಅತ್ತಿಗೆ ಹತ್ತಿರ ಉಳಿದಿತ್ತು. ಅವರೇ ತಂದುಕೊಟ್ಟರು. ನಾಲ್ಕು ಮನೆಯಲ್ಲಿರುವ ಗಿಡ ಊರಿಂದ ಹೋಗುವುದಿಲ್ಲ. ನಿಮ್ಮ ಅತ್ತೆಯವರ ಗೆಡ್ಡೆಗಳನ್ನು ಉಳಿಸಬೇಕು ಅಂತಿದ್ದರೆ ಹಂಚುವುದೇ ದಾರಿ.

ತುಂಗೆಯ ದಡ:

ನಾನು ಶಿವಮೊಗ್ಗ ಪೇಟೆಯವನು. ನಮ್ಮದು ಸಣ್ಣ ಸೈಟು, ಹಿತ್ತಲು ಅಂತ ಏನೂ ಇಲ್ಲ. ತಾರಸಿ ಮೇಲೆ ಕುಂಡ, ಗೇಟಿನ ಪಕ್ಕ ಒಂದು ಸಾಲು ಗಿಡ. ಆದರೂ ನಮ್ಮ ರಸ್ತೆಯವರು ಒಟ್ಟಾಗುವುದು ನಮ್ಮ ಬ್ರಹ್ಮಕಮಲ ಅರಳುವ ರಾತ್ರಿ. ಸಂಜೆ ನೋಡಿದಾಗ ಮೊಗ್ಗು ಉಬ್ಬಿ ತಲೆ ಎತ್ತಿ ನಿಂತಿದ್ದರೆ ಅವತ್ತೇ ಅರಳುತ್ತದೆ ಅಂತ ಗೊತ್ತಾಗುತ್ತದೆ. ತಕ್ಷಣ ರಸ್ತೆಯ ವಾಟ್ಸಾಪ್ ಗುಂಪಿಗೆ ಫೋಟೋ ಹಾಕುತ್ತೇವೆ. ಎಂಟು ಒಂಬತ್ತು ಗಂಟೆಗೆ ಬಿಚ್ಚಲು ಶುರು, ಮಧ್ಯರಾತ್ರಿ ಹೊತ್ತಿಗೆ ಪೂರ್ತಿ, ಬೆಳಗಾಗುವಷ್ಟರಲ್ಲಿ ಬಾಡಿರುತ್ತದೆ. ಒಂದೇ ರಾತ್ರಿಯ ಹೂವಾದ್ದರಿಂದ "ನಾಳೆ ಬರುತ್ತೇನೆ" ಅನ್ನುವ ಮಾತೇ ಇಲ್ಲ. ಮಕ್ಕಳು, ಅಜ್ಜಿಯರು ಎಲ್ಲ ಬರುತ್ತಾರೆ. ವರ್ಷಗಟ್ಟಲೆ ಎದುರುಬದುರು ಇದ್ದೂ ಮಾತಾಡದವರು ನಮ್ಮ ಮನೆ ಮೆಟ್ಟಿಲ ಮೇಲೆ ಕೂತು ಮಾತಾಡಿದ್ದನ್ನು ಕಂಡಿದ್ದೇನೆ. ಹೋಗುವಾಗ ಬೇಕಾದವರಿಗೆ ಒಂದು ಎಲೆ. ನೆರಳಲ್ಲಿ ಎರಡು ದಿನ ಇಟ್ಟು, ಕೊಯ್ದ ಜಾಗ ಒಣಗಿದ ಮೇಲೆ ಮಣ್ಣಿಗೆ ಊರಲು ಹೇಳುತ್ತೇವೆ. ಅದು ಮೆಕ್ಸಿಕೋ ಕಡೆಯ ಕಳ್ಳಿ ಜಾತಿ. ನೀರು ಜಾಸ್ತಿ ಆದರೆ ಕೊಳೆಯುತ್ತದೆ. ಮಳೆಗಾಲದಲ್ಲಿ ಸೂರಿನ ಕೆಳಗೆ ಇಡಬೇಕು.

ಪೂಜೆ ಹೂವಿನ ವಿಷಯಕ್ಕೆ ನಮ್ಮಲ್ಲಿ ಒಂದು ಉಪಾಯ ಸರಿಹೋಗಿದೆ. ನಾವೇ ಬೆಳಿಗ್ಗೆ ಬೇಗ ಎದ್ದು ಕೊಯ್ದು ಒಂದು ಬುಟ್ಟಿಯಲ್ಲಿ ಗೇಟಿನ ಹತ್ತಿರ ಇಡುತ್ತೇವೆ. "ಪೂಜೆಗೆ ತಗೊಳ್ಳಿ, ಗಿಡದಲ್ಲಿರುವುದು ನೋಡುವವರಿಗೆ" ಅಂತ ಒಂದು ರಟ್ಟಿನ ಮೇಲೆ ಬರೆದು ನೇತುಹಾಕಿದ್ದೇವೆ. ದೇವರಿಗೆ ಹೂವು ಬೇಕಾದವರಿಗೆ ಸಿಗುತ್ತದೆ, ಯಾರನ್ನೂ ತಡೆದು ಮಾತಾಡುವ ಪ್ರಸಂಗ ಬರುವುದಿಲ್ಲ. ಜೊತೆಗೆ ದಾಸವಾಳದ ಕಡ್ಡಿಯನ್ನೂ ಅವರ ಕೈಗೆ ಕೊಡಿ ಅಕ್ಕ. ಅವರ ಅಂಗಳದಲ್ಲೇ ಹೂವು ಬಿಟ್ಟರೆ ನಿಮ್ಮ ಬೇಲಿಗೆ ಯಾಕೆ ಬರುತ್ತಾರೆ?

ಸೊರಬದ ಗದ್ದೆ:

ಮೇಲಿನವರೆಲ್ಲ ಚೆನ್ನಾಗಿ ಬರೆದಿದ್ದಾರೆ. ನಾನು ಕೃಷಿಕ. ಎಚ್ಚರಿಕೆಯ ಒಂದೆರಡು ಮಾತು ಹೇಳಲೇಬೇಕು, ಯಾಕೆಂದರೆ ಗಿಡದ ಜೊತೆ ರೋಗವೂ ಮನೆ ಬದಲಿಸುತ್ತದೆ.

ಶುಂಠಿ ಗೆಡ್ಡೆ ಮತ್ತು ಕಾಳುಮೆಣಸಿನ ಬಳ್ಳಿಯನ್ನು ಪ್ರೀತಿಯಿಂದ ಹಂಚುವುದು ನಮ್ಮಲ್ಲಿ ಇದೆ. ಶುಂಠಿಯ ಕೊಳೆ ರೋಗ ಗೆಡ್ಡೆಯಲ್ಲೂ ಬರುತ್ತದೆ, ಮಣ್ಣಲ್ಲೂ ಬರುತ್ತದೆ. ನೋಡಲು ಚೆನ್ನಾಗಿಯೇ ಇರುವ ಗೆಡ್ಡೆ ಇನ್ನೊಬ್ಬರ ಪಾತಿಯನ್ನೆಲ್ಲ ಕೆಡಿಸಬಹುದು. ಮೆಣಸಿನ ಸೊರಗು ರೋಗವೂ ಹಾಗೇ, ಮಣ್ಣು ಮತ್ತು ಹರಿಯುವ ನೀರಿನಲ್ಲಿ ಹರಡುತ್ತದೆ. ಹಿತ್ತಲಲ್ಲಿ ಒಂದು ಬಳ್ಳಿ ಸೊರಗಿದ್ದರೂ ಆ ವರ್ಷ ಅದರ ಸುತ್ತಲಿನ ಯಾವ ಗಿಡವನ್ನೂ ಮಣ್ಣು ಸಮೇತ ಕೊಡಬೇಡಿ. ಡೇರೆ ಎಲೆಯಲ್ಲಿ ಹಳದಿ ಮಚ್ಚೆ ಬಂದು ಎಲೆ ಮುರುಟಿಕೊಂಡಿದ್ದರೆ ಅದು ನಂಜು ರೋಗ ಇರಬಹುದು. ಸಸ್ಯಹೇನು ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ, ರೋಗ ಗೆಡ್ಡೆಯಲ್ಲೂ ಉಳಿಯುತ್ತದೆ. ಅಂಥ ಗಿಡದ ಹೂವು ಎಷ್ಟೇ ಚೆನ್ನಾಗಿದ್ದರೂ ಹಂಚುವಂತಿಲ್ಲ, ಕಿತ್ತು ಸುಡಬೇಕು.

ಕಾಡಿನ ಅಂಚಿನಲ್ಲಿ ಇರುವವರಿಗೆ ಇನ್ನೊಂದು. ಕೆಲವು ಬಳ್ಳಿಗಳು ಬೇಲಿ ಹಾರಿ ಕಾಡಿಗೆ ಹೋಗುತ್ತವೆ. ಲಂಟಾನ ನಮ್ಮ ದೇಶಕ್ಕೆ 1800ರ ದಶಕದ ಶುರುವಿನಲ್ಲಿ ಹೂವಿನ ಗಿಡ ಅಂತಲೇ ಬಂದದ್ದು. ಈಗ ಅದು ಎಲ್ಲೆಲ್ಲಿದೆ ನಿಮಗೇ ಗೊತ್ತು. ನೆಲಕ್ಕೆ ಹಬ್ಬುವ ಹಳದಿ ಹೂವಿನ ವೆಡೇಲಿಯಾ, ಕೆರೆಗೆ ಬಿಡುವ ನೇರಳೆ ಹೂವಿನ ಅಂತರಗಂಗೆ, ಇವನ್ನು ಯಾರಿಗೂ ಕೊಡಬೇಡಿ, ತರಲೂಬೇಡಿ. ಸೀತಾಳೆ ದಂಡೆಯನ್ನು ಕಾಡಿನ ಮರದಿಂದ ಕಿತ್ತು ಹಂಚುವುದೂ ಬೇಡ. ನಿಮ್ಮ ಮರದಲ್ಲಿ ಇರುವುದು ಬೆಳೆದು ಮರಿ ಬಿಟ್ಟರೆ ಕೊಡಬಹುದು. ಅದಕ್ಕೆ ಮಣ್ಣು ಬೇಡ, ತೆಂಗಿನ ನಾರಿನಿಂದ ಮರಕ್ಕೆ ಕಟ್ಟಿದರೆ ಸಾಕು ಅಂತ ಹೇಳಿ ಕೊಡಿ, ಇಲ್ಲದಿದ್ದರೆ ಕುಂಡದ ಮಣ್ಣಲ್ಲಿ ಹೂತು ಸಾಯಿಸುತ್ತಾರೆ.

ಮಕ್ಕಳನ್ನು ಕರೆಯುವುದಾದರೆ ಕಣಗಿಲೆ ಗಿಡ, ಗೌರಿಹೂವಿನ ಗೆಡ್ಡೆ ಎರಡೂ ವಿಷ ಅಂತ ಮೊದಲೇ ತೋರಿಸಿ ಹೇಳಿ. ಕಣಗಿಲೆ ಸವರಿದ ಕೊಂಬೆಯನ್ನು ದನ ಮೇಯುವ ಕಡೆ ಎಸೆಯಬೇಡಿ.

ಮತ್ತೆ ಬೇಸಿಗೆ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ, 1957ರಲ್ಲಿ. ಅದು ಉಣುಗು (ಉಣ್ಣೆ ಹುಳ) ಕಚ್ಚಿ ಬರುವ ಕಾಯಿಲೆ. ಡಿಸೆಂಬರ್‌ನಿಂದ ಮೇ ತನಕ ಜಾಸ್ತಿ. ಆ ತಿಂಗಳುಗಳಲ್ಲಿ ಗಿಡದ ಬುಡಕ್ಕೆ ದರಗು (ಒಣ ಎಲೆ) ತರಲು ಬೆಟ್ಟಕ್ಕೆ ಹೋಗುವವರು ಆರೋಗ್ಯ ಕೇಂದ್ರದಲ್ಲಿ ಕೊಡುವ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡು ಹೋಗಿ. ಹಿತ್ತಲು ಕಾಡಿಗೆ ತಾಗಿದ್ದರೆ ಜನರನ್ನು ಕರೆಯಲು ಮಳೆಗಾಲದ ಕೊನೆಯೇ ಒಳ್ಳೆಯ ಹೊತ್ತು.

ತೀರ್ಥಹಳ್ಳಿ ಸಂತೆ:

ಎಲ್ಲರೂ ಪುಕ್ಕಟೆ ಹಂಚುವ ಮಾತೇ ಆಡುತ್ತಿದ್ದೀರಿ. ನಾನು ಸ್ವಲ್ಪ ಬೇರೆ ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ನಾನು ಮನೆಯಲ್ಲೇ ಗಿಡ ಮಾಡಿ ಸಂತೆಯಲ್ಲಿ ಮಾರುತ್ತೇನೆ. ಡೇರೆ, ಸೇವಂತಿಗೆ, ಆಂಥೂರಿಯಂ. ನನ್ನಂಥ ಹೆಂಗಸರು ಈ ಕಡೆ ಸುಮಾರು ಜನ ಇದ್ದಾರೆ. ಕೇರಿಯವರು ಒಬ್ಬರಿಗೊಬ್ಬರು ಕುಡಿ ಕೊಡುವುದಕ್ಕೆ ನನ್ನ ತಕರಾರಿಲ್ಲ, ನಾನೂ ಕೊಡುತ್ತೇನೆ. ಆದರೆ ದೂರದ ಊರಿಂದ ಕಾರಲ್ಲಿ ಬಂದು, "ಇಲ್ಲಿ ಎಲ್ಲ ಸುಮ್ನೆ ಸಿಗುತ್ತದೆ" ಅಂತ ಡಿಕ್ಕಿ ತುಂಬಿಕೊಂಡು ಹೋಗುವವರಿದ್ದಾರೆ. ಅವರಿಗೆ ಒಂದು ಗಿಡ ಕೊಡಿ, ಉಳಿದದ್ದಕ್ಕೆ ನಮ್ಮ ಕಡೆ ಕಳಿಸಿ. ಒಂದು ಆಂಥೂರಿಯಂ ಬುಡದಿಂದ ಮರಿ ಬಿಡಿಸಿ, ಇಟ್ಟಿಗೆ ಚೂರು, ಇದ್ದಿಲು, ತೆಂಗಿನ ಸಿಪ್ಪೆ ಹಾಕಿ, ಹೂವು ಬಿಡುವ ತನಕ ನೆರಳಲ್ಲಿ ಸಾಕುವುದು ಕಮ್ಮಿ ಕೆಲಸ ಅಲ್ಲ.

ಇನ್ನೊಂದು, ಹೂವನ್ನೂ ಕೊಡಬಹುದಲ್ವಾ? ಎಲ್ಲರಿಗೂ ಗಿಡ ಸಾಕುವ ಜಾಗ, ಸಮಯ ಇರುವುದಿಲ್ಲ. ವಯಸ್ಸಾದವರು, ಮಂಚ ಹಿಡಿದವರು ಇರುವ ಮನೆಗೆ ಒಂದು ಆಂಥೂರಿಯಂ ಹೂವು ಕೊಟ್ಟು ಬನ್ನಿ, ನೀರಲ್ಲಿಟ್ಟರೆ ಎರಡು ವಾರ ಚೆನ್ನಾಗಿರುತ್ತದೆ. ಡೇರೆಯಾದರೆ ಪೂರ್ತಿ ಅರಳಿದ್ದನ್ನೇ ಬೆಳಿಗ್ಗೆ ಕೊಯ್ಯಿರಿ. ಮೊಗ್ಗು ಕೊಯ್ದರೆ ಆಮೇಲೆ ಅರಳುವುದಿಲ್ಲ.

ಹೊಸನಗರದ ಹಿತ್ತಲು:

ಎಷ್ಟು ಪ್ರೀತಿಯಿಂದ ಬರೆದಿದ್ದೀರಿ ಎಲ್ಲರೂ. ಸಂತೆಯ ಅಕ್ಕ, ನೀವು ಹೇಳಿದ್ದು ಸರಿ. ನಮ್ಮ ಊರಿನ ಹತ್ತಿರವೂ ಗಿಡ ಮಾರುವ ಒಬ್ಬರಿದ್ದಾರೆ, ದೂರದವರನ್ನು ಅವರ ಮನೆಗೇ ಕಳಿಸುತ್ತೇನೆ. ಮಂಚ ಹಿಡಿದವರಿಗೆ ಹೂವು ಕೊಡುವುದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಕೇರಿಯಲ್ಲೇ ಅಂಥ ಒಬ್ಬ ಅಜ್ಜಿ ಇದ್ದಾರೆ. ಹಿಂದೆ ನಮ್ಮ ಅತ್ತೆಗೆ ಡೇರೆ ಗೆಡ್ಡೆ ಕೊಟ್ಟವರೇ ಅವರು.

ಗಿಡ ಕೇಳುವ ಕೆಲಸವನ್ನು ಇವತ್ತೇ ಮಾಡಿದೆ. ಪಕ್ಕದ ಮನೆಯವರ ಹತ್ತಿರ ನಂದಿಬಟ್ಟಲು ಕಡ್ಡಿ ಕೇಳಿದೆ. ಅವರು ಕಡ್ಡಿ ಕೊಟ್ಟು, ಆಮೇಲೆ ತಾವಾಗಿಯೇ "ನಿಮ್ಮ ಕೆಂಪು ಬಸಳೆ ಎರಡು ಕಡ್ಡಿ ಸಿಗುತ್ತದಾ" ಅಂತ ಕೇಳಿದರು! ಇಷ್ಟು ವರ್ಷ ಬೇಲಿಯಾಚೆಯಿಂದ ನೋಡುತ್ತಿದ್ದರಂತೆ.

ಒಂದು ಉಳಿದಿದೆ. ನಮ್ಮೂರ ಶಾಲೆಯ ಮಕ್ಕಳಿಗೆ ಏನಾದರೂ ಮಾಡಬೇಕು ಅಂತ ಆಸೆ. ಸುಮ್ನೆ ಗಿಡ ತೋರಿಸಿ ಹೆಸರು ಹೇಳಿದರೆ ಅವರಿಗೆ ಬೇಜಾರಾಗುತ್ತದೆ. ಏನು ಮಾಡಬಹುದು?

ಹಚ್ಚಂಬಲಿ:

ಅಕ್ಕ, ಮಕ್ಕಳಿಗೆ ಬೀಜ ಕೊಡಿ. ಹರಿವೆ ಬೀಜ ಎಲ್ಲಕ್ಕಿಂತ ಒಳ್ಳೆಯದು. ಚಿಟಿಕೆ ಬೀಜ ಬಿತ್ತಿದರೆ ಒಂದು ತಿಂಗಳ ಒಳಗೆ ಸೊಪ್ಪು ಕೊಯ್ಯಬಹುದು. ಅಷ್ಟು ಬೇಗ ಕೈಗೆ ಬಂದರೆ ಮಕ್ಕಳಿಗೆ ಆಸಕ್ತಿ ಹುಟ್ಟುತ್ತದೆ. ಒಂದು ಗಿಡ ಹಾಗೇ ಬಿಟ್ಟು ಬೀಜ ಕಟ್ಟಿಸಲು ಹೇಳಿ, ಆ ಬೀಜವನ್ನು ಮುಂದಿನ ವರ್ಷ ಅವರು ಕೆಳಗಿನ ತರಗತಿಯವರಿಗೆ ಕೊಡಲಿ. ಮೊಗೆಕಾಯಿ, ಹೀರೆ ಬೀಜ ತೆಗೆಯುವುದನ್ನೂ ತೋರಿಸಿ. ಬಲಿತ ಕಾಯಿ ಹೇಗಿರುತ್ತದೆ, ಬೀಜ ತೊಳೆದು ನೆರಳಲ್ಲಿ ಒಣಗಿಸಿ ಬೂದಿಯಲ್ಲಿ ಇಡುವುದು ಹೇಗೆ ಅಂತ ಈಗಿನ ದೊಡ್ಡವರಿಗೇ ಗೊತ್ತಿಲ್ಲ. ಶಿರಸಿಯಲ್ಲಿ ವನಸ್ತ್ರೀ ಅಂತ ಹೆಂಗಸರ ಗುಂಪಿದೆ, ಹಿತ್ತಲಿನ ಬೀಜಗಳನ್ನು ಉಳಿಸಿ ಹಂಚುವುದೇ ಅವರ ಕೆಲಸ. ಅವರು ನಡೆಸುವ ಮಲೆನಾಡ ಮೇಳಕ್ಕೆ ಸಾಧ್ಯವಾದರೆ ಒಮ್ಮೆ ಹೋಗಿಬನ್ನಿ. ಹಳೆಯ ತರಕಾರಿ ಬೀಜ, ಗೆಡ್ಡೆಗಳೆಲ್ಲ ಅಲ್ಲಿಗೆ ಬರುತ್ತವೆ.

ಊರಿನವರನ್ನು ಕರೆಯಲು ನನ್ನ ಕೇಳಿದರೆ ದೀಪಾವಳಿಗೆ ಮೊದಲು ಬರುವ ಭೂಮಿ ಹುಣ್ಣಿಮೆಗಿಂತ ಒಳ್ಳೆಯ ನೆಪ ಇಲ್ಲ. ನಮ್ಮ ಮನೆಯಲ್ಲಿ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆದು, ರಾತ್ರಿಯೆಲ್ಲ ಅಡುಗೆ ಮಾಡಿ, ಬೆಳಗಿನ ಜಾವ ಗದ್ದೆಗೆ ಚರಗ ಬೀರುತ್ತೇವೆ, ಅಂದರೆ ಆ ಅಡುಗೆಯನ್ನು ಗದ್ದೆಗೆ ಎರಚುತ್ತೇವೆ. ಅದಕ್ಕೆ ಎಷ್ಟು ಬಗೆಯ ಸೊಪ್ಪು ಸಿಕ್ಕಿದರೂ ಬೇಕು. ಹಿಂದಿನ ದಿನ ಸೊಪ್ಪು ಕೂಡಿಸಲು ಹಿತ್ತಲು ಹಿತ್ತಲು ಸುತ್ತುತ್ತೇವೆ. ಯಾರ ಮನೆಗೆ ಹೋಗಲೂ ಸಂಕೋಚ ಇಲ್ಲ, ಯಾಕೆಂದರೆ ಅದು ನಮಗಾಗಿ ಕೇಳುವುದಲ್ಲ, ಬಸುರಿ ಭೂಮಿತಾಯಿಯ ಬಯಕೆಗೆ. ಹುಣ್ಣಿಮೆ ಹಿಂದಿನ ದಿನ "ನಮ್ಮ ಹಿತ್ತಲಿಗೆ ಸೊಪ್ಪಿಗೆ ಬನ್ನಿ" ಅಂತ ಕೇರಿಗೆಲ್ಲ ಹೇಳಿಬಿಡಿ. ಡೇರೆಯೂ ಆಗ ಅರಳಿರುತ್ತದೆ. ಸೊಪ್ಪಿಗೆ ಬಂದವರು ಹೂವು ನೋಡದೆ ಹೋಗುತ್ತಾರಾ?

ತುಂಗೆಯ ದಡ:

ಹಚ್ಚಂಬಲಿ ಹೇಳಿದ್ದು ಬಹಳ ಒಳ್ಳೆಯ ಯೋಚನೆ. ಶಾಲೆಯ ಬಗ್ಗೆ ಒಂದು ಸೇರಿಸುತ್ತೇನೆ. ಜನವರಿಯಲ್ಲಿ ತೋಟಗಾರಿಕೆ ಇಲಾಖೆ ಶಿವಮೊಗ್ಗದಲ್ಲಿ ಫಲಪುಷ್ಪ ಪ್ರದರ್ಶನ ಮಾಡುತ್ತದೆ. ಮಕ್ಕಳು ತಾವೇ ಬೆಳೆದದ್ದು ಏನಾದರೂ ಇದ್ದ ಮೇಲೆ ಅಲ್ಲಿಗೆ ಕರೆದುಕೊಂಡು ಹೋದರೆ ನೋಡುವ ಕಣ್ಣೇ ಬೇರೆಯಾಗುತ್ತದೆ. ಶಾಲೆಯ ಕೈತೋಟದಲ್ಲಿ ಏನೂ ಏಳುತ್ತಿಲ್ಲ ಅಂದರೆ ಮಣ್ಣು ಪರೀಕ್ಷೆ ಮಾಡಿಸಿ, ನವುಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ನಮ್ಮ ಮಳೆಗೆ ಮಣ್ಣಿನ ಸಾರ ತೊಳೆದುಹೋಗಿ ಹುಳಿ ಆಗಿರುತ್ತದೆ, ಎಷ್ಟೋ ಕಡೆ ಹದ ನೋಡಿ ಸುಣ್ಣ ಹಾಕಿದರೆ ಗಿಡ ಚೇತರಿಸಿಕೊಳ್ಳುತ್ತದೆ.

ಸಾಗರದ ಡೇರೆ:

ಅಕ್ಕ, ನನ್ನದೊಂದು ಬೇಡಿಕೆ, ನಾನೇ ಹೇಳಿದ ಹಾಗೆ ಕೇಳುತ್ತಿದ್ದೇನೆ. ನಿಮ್ಮ ಅತ್ತೆಯವರ ಡೇರೆಯಲ್ಲಿ ಕಡು ಕೆಂಪಿನದು ಇದ್ದರೆ ಮೇ ತಿಂಗಳಲ್ಲಿ ಒಂದು ಗೆಡ್ಡೆ ನನಗೆ ಇಡಿ. ನನ್ನ ಹತ್ತಿರ ತಿಳಿ ನೇರಳೆಯದು ಇದೆ, ದಳದ ತುದಿ ಬಿಳಿ. ಅದನ್ನು ತರುತ್ತೇನೆ.

ಹೊಸನಗರದ ಹಿತ್ತಲು:

ಕಡು ಕೆಂಪು ಇದೆ ತಂಗಿ, ದೊಡ್ಡ ಹೂವಿನದೇ. ಈಗಲೇ ಗಿಡಕ್ಕೆ ದಾರ ಕಟ್ಟಿ ಗುರುತು ಮಾಡಿಡುತ್ತೇನೆ, ಗೆಡ್ಡೆ ಕೀಳುವಾಗ ಬೆರಕೆ ಆಗುವುದು ಬೇಡ. ಭೂಮಿ ಹುಣ್ಣಿಮೆ ಹಿಂದಿನ ದಿನ ಸಾಧ್ಯವಾದರೆ ನೀವೂ ಬನ್ನಿ. ಸಾಗರದಿಂದ ಹೊಸನಗರಕ್ಕೆ ಬಸ್ಸಿದೆ. ಬಸ್‌ಸ್ಟ್ಯಾಂಡಿಗೆ ಯಜಮಾನರು ಬರುತ್ತಾರೆ.